ಎರಡನೆಯ ಮುಳುಗು

ನೂಲಿನ ಲಡಿ ಬಾನಿಯಲ್ಲಿ ಮುಳುಗಿ ಮೇಲೆದ್ದಾಗ ಕೆಂಪಾಗಿತ್ತು. ಆದರೆ ಎಲ್ಲ ಕಡೆ ಆಗಿರಲಿಲ್ಲ. ಒಂದು ಗೇಣು ಗಿರಿಕುಂಕುಮದ ಗಾಢ ಕೆಂಪು, ಮುಂದಿನ ಗೇಣು ಮಳೆಯಲ್ಲಿ ನೆನೆದ ಇಟ್ಟಂಗಿ, ನಡುವೆ ಅಲ್ಲಲ್ಲಿ ಆಕಳು ನೆಕ್ಕಿಬಿಟ್ಟಂತೆ ಬಿಳಿಚು. ಶೈಲಾ ಅದನ್ನು ಕೋಲಿಗೆ ಹಾಕಿ ಎತ್ತಿ ಹಿಡಿದಳು. ಸ್ಟೂಲಿನ ಮೇಲೆ ಕುಳಿತಿದ್ದ ಮಾವ ಅಮಾತೆಪ್ಪ, ಬೀಗರೆದುರು ಸಾರು ಚೆಲ್ಲಿದವನನ್ನು ನೋಡುವ ಹಾಗೆ ಬಾನಿಯನ್ನೇ ನೋಡಿದರು.

"ನೀರಿಂದ ತಪ್ಪ," ಅಂದರು.

"ನೀರ ನಿನ್ನೀನ ಬದಲ ಮಾಡೇವಲ್ರಿ ಮಾವಾರ. ಫಿಲ್ಟರ್ ನೀರಿನ ಕ್ಯಾನ್ ತರಿಸಿದ್ವಿ."

"ಹಂಗಾರ ಕ್ಯಾನಿಂದ ತಪ್ಪ."

ಲಡಿ ಹಿಂಡಲು ನಿಂತಿದ್ದ ಮಗ ಸಂಗಮೇಶ ಕೆಮ್ಮಿದ. ನಗು ಬಂದಾಗ ಅಪ್ಪನೆದುರು ಅವನು ಹೀಗೇ ಕೆಮ್ಮುವುದು.

ಅದು ಬಣ್ಣದ ಮನೆ. ನಾಟಕದವರು ಮುಖಕ್ಕೆ ಬಳಿದುಕೊಳ್ಳುವ ಮನೆಯಲ್ಲ, ಇಳಕಲ್ ಸೀರೆಯ ಸೆರಗಿಗೆ ನೂಲು ಅದ್ದುವ ಶೆಡ್ಡು. ಬಾಗಿಲಿಗೆ ಒಳಗಿನಿಂದ ಕೀಲಿ, ಕೀಲಿಕೈ ಅಮಾತೆಪ್ಪನವರ ಉಡದಾರದಲ್ಲಿ. ಇದ್ದ ಎರಡು ಕಿಟಕಿಗೂ ಈ ಮಳೆಗಾಲದಲ್ಲಿ ತಗಡು ಬಡಿಸಿದ್ದರು. ಕಾರಣ ತಮ್ಮ ವಿಜಯಮಹಾಂತೇಶ. ಅವರದೂ ಬಣ್ಣದ ಮನೆಯೇ, ನಡುವೆ ಒಂದು ಸಂದಿಯಷ್ಟೇ. ಮನೆ ಪಾಲಾಗಿ ನಡುಗೋಡೆ ಎದ್ದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ತಮ್ಮ ಈ ವರ್ಷ ಮಾಳಿಗೆ ಕಟ್ಟಿಸಿದರು. ಅಲ್ಲಿಂದ ಇಣುಕಿದರೆ ತನ್ನ ಬಾನಿ ಕಾಣುತ್ತದೆಂದು ಅಣ್ಣನಿಗೆ ಗುಮಾನಿ ಹತ್ತಿತು. ಅಣ್ಣ ತಗಡು ಬಡಿಸಿದ ವಾರವೇ ತಮ್ಮನೂ ಬಡಿಸಿದರು. ತಗಡಿನಂಗಡಿಯವನಿಗೆ ಮಾತ್ರ ಇಬ್ಬರ ಮೇಲೂ ಪ್ರೀತಿ.

ಕಾಣಬಾರದ್ದೇನು ಅಂದರೆ, ಕೆಂಪು ಹುಟ್ಟುವ ಬಗೆ. ಅದಕ್ಕೆ ಎರಡು ಮುಳುಗು. ಮೊದಲನೆಯದು ನ್ಯಾಫ್ಥಾಲಿನದು. ಆ ಪುಡಿ ನೀರಿಗೆ ಬಗ್ಗುವುದಿಲ್ಲ, ಕಾಸ್ಟಿಕ್ ಸೋಡಾ ಬಿದ್ದರೆ ಮಾತ್ರ ತಿಳಿಹಳದಿಯಾಗಿ ಕರಗುತ್ತದೆ; ಅದರಲ್ಲಿ ಅದ್ದಿದ ನೂಲು ಹಳದಿ ಬಿಟ್ಟು ಬೇರೇನೂ ಹೇಳುವುದಿಲ್ಲ. ಎರಡನೆಯದು 'ಬೇಸ್' ಎನ್ನುವ ಇನ್ನೊಂದು ಪುಡಿಯದು. ಅದನ್ನು ಆಸಿಡ್ಡು, ಬರ್ಫು, ಮತ್ತೊಂದು ಉಪ್ಪು ಹಾಕಿ ಎಬ್ಬಿಸಬೇಕು. ಹಳದಿ ನೂಲು ಅದರೊಳಗೆ ಇಳಿದ ಕ್ಷಣ ಕೆಂಪು ಹುಟ್ಟುತ್ತದೆ. ಊರ ಬೇರೆಯವರು ಒಂದರ ಹಿಂದೊಂದು ಅದ್ದಿ ಮುಗಿಸುತ್ತಾರೆ. ಈ ಮನೆಯ ಪದ್ಧತಿ ಬೇರೆ. ಮೊದಲ ಮುಳುಗು ಸಂಜೆಗೆ, ಆಳುಗಳ ಕೈಯಲ್ಲಿ. ಎರಡನೆಯದು ಮರುದಿನ ಮುಂಜಾನೆ, ಕೀಲಿ ಹಾಕಿಕೊಂಡು, ಮನೆಯವರ ಕೈಯಲ್ಲಿ. ಎರಡನ್ನೂ ನೋಡಿದ ಹೊರಗಿನ ಕಣ್ಣು ಇರಬಾರದು.

ಇದನ್ನು ಹೆಣ್ಣುಮಕ್ಕಳಿಗೆ ಕಲಿಸುತ್ತಿರಲಿಲ್ಲ, ಅವರು ಗಂಡನ ಮನೆಗೆ ಹೋಗುವವರು. ಸೊಸೆಯಾದರೆ ಅಡ್ಡಿಯಿಲ್ಲ, ಆಕೆ ಬಂದವಳು, ಇನ್ನು ಹೋಗುವವಳಲ್ಲ. ಕುಳಗೇರಿ ಕ್ರಾಸಿನ ಶೈಲಾ ಬಾಗಲಕೋಟೆಯಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿ ಈ ಮನೆಗೆ ಬಂದ ತಿಂಗಳಲ್ಲೇ ಮಾವನ ಮಣಿಕಟ್ಟು ಬಾತುಕೊಂಡಿತು. ಲಡಿ ಹಿಂಡುವುದರಾಚೆ ಏನನ್ನೂ ಕಲಿಯದ ಸಂಗಮೇಶನನ್ನು ದಾಟಿ ಎರಡನೆಯ ಮುಳುಗು ಅವಳ ಕೈಗೆ ಬಂತು. ಬೇಸ್ ಬೇಶಾಗಿ ಒಲಿಯಿತು. ಬೇಸರ ಆಮೇಲೆ ಬಂತು. 'ಸೊಸೆ ಹೊರಗೆ ಹೋಗುವುದಿಲ್ಲ' ಎನ್ನುವುದೂ ಈ ಕೆಂಪಿಗೆ ಹಾಕುವ ಸಾಮಾನುಗಳಲ್ಲಿ ಒಂದು ಎಂದು ಅವಳಿಗೆ ಗೊತ್ತಾಗುವ ಹೊತ್ತಿಗೆ ಕೈ ಕೆಂಪಾಗಿ ಹೋಗಿತ್ತು.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಹುನಗುಂದದ ಒಂದು ಕಾಲೇಜಿನಲ್ಲಿ ಅವಳ ಮಾದರಿ ಪಾಠವಿತ್ತು. ಚೆನ್ನಾಗಿ ಆದರೆ ನೌಕರಿ. ವಿಷಯವನ್ನು ಅವರೇ ಕೊಟ್ಟಿದ್ದರು: ಸಾವಯವ ಆಮ್ಲ ಮತ್ತು ಪ್ರತ್ಯಾಮ್ಲಗಳ ಬಲ, ಅವುಗಳ ಹೋಲಿಕೆ. ವಿಷಯ ಕೇಳಿದಾಗ ಅವಳಿಗೆ ನಗು ಬಂದಿತ್ತು. ವರ್ಷದಿಂದ ಮೊಣಕೈವರೆಗೆ ಅದರಲ್ಲೇ ಮುಳುಗಿದ್ದಳಲ್ಲ.

ರಾತ್ರಿ ಊಟವಾದ ಮೇಲೆ ಗಂಡನಿಗೆ ಹೇಳಿದ್ದಳು, "ಮಾವಾರಿಗೆ ನೀವ ಒಂದ ಮಾತ ಹೇಳ್ರಿ."

ಸಂಗಮೇಶ ಎದೆ ಮುಂದೆ ಮಾಡಿ, ಗಂಟಲು ಕೆಳಗಿಳಿಸಿ, ಥೇಟ್ ಅಪ್ಪನ ದನಿಯಲ್ಲಿ ಹೇಳಿದ್ದ: "ನೌಕರೀ? ನಮ್ಮ ಮನಿ ಕೆಂಪ ಬಸ್ ಹತ್ತಿ ಹುನಗುಂದಕ್ಕ ಹೋಗೂದೇನ? ಟಿಕೀಟ ಯಾರ ತಗೀತಾರ, ನಿಮ್ಮಪ್ಪ?"

ಹಾಗೇ ಕಂಡಕ್ಟರನಾದ, "ಯಾರ್ರೀ ಅದು ಕೆಂಪ? ಹಿಂದ ಸರೀರಿ!" ಅಂದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಸಂಗಮೇಶನಿಗೆ ಸ್ವಾಮಿಗಳ ದನಿ ಬರುತ್ತಿತ್ತು, ಎಮ್ಮೆಯದು ಬರುತ್ತಿತ್ತು, ಕಾಕಾನ ಸ್ಕೂಟರಿನದೂ ಬರುತ್ತಿತ್ತು. ಆದರೆ ಅಪ್ಪನ ಮುಂದೆ ನಿಂತರೆ ಬರೀ ಕೆಮ್ಮು.

ಅತ್ತೆ ಗುರುಸಿದ್ದವ್ವ ಮಾತ್ರ ಮುಂಜಾನೆ ಜಡೆ ಹೆಣೆದು ಕೊಡುತ್ತ, "ಬಣ್ಣ ಮುಗಿಸಿ ಸುಮ್ನ ಹೋಗಿ ಬಾ. ಕೇಳಿದ್ರ ನಾ ನೋಡ್ಕೋತೇನಿ," ಅಂದಿದ್ದರು.

ಆದರೆ ಬಣ್ಣ ಮುಗಿಯಬೇಕಲ್ಲ. ಮೂರು ದಿನದಿಂದ ಕೆಂಪು ಹೀಗೇ ಹರಿಹರಿದು ಬರುತ್ತಿತ್ತು. ಮದುವೆ ಸೀರೆಗಳ ಸೆರಗಿಗೆಂದು ನೇಕಾರರು ಕಾದು ಕುಳಿತಿದ್ದರು. ಅಮಾತೆಪ್ಪ ಇವತ್ತು ಕೀಲಿ ತಿರುಗಿಸುವಾಗಲೇ ಹೇಳಿದ್ದರು: "ಕೆಂಪ ನೆಟ್ಟಗ ಆಗೂತನಕ ಈ ಬಾಗಲಾ ತಗ್ಯಾಂಗಿಲ್ಲ."

ತಪ್ಪು ಎಲ್ಲಿದೆ ಎಂದು ಶೈಲಾಗೆ ಗೊತ್ತಿತ್ತು. ಮೊದಲ ದಿನವೇ ಗೊತ್ತಾಗಿತ್ತು, ಹೇಳಿರಲಿಲ್ಲ. ಹೇಳದಿದ್ದರೆ ಕೆಂಪು ಕೆಡುತ್ತದೆ, ಬಾಗಿಲು ತೆರೆಯುವುದಿಲ್ಲ. ಹೇಳಿದರೆ ಕೆಂಪು ಸರಿಯಾಗುತ್ತದೆ, ಬಾಗಿಲೂ ತೆರೆಯುತ್ತದೆ, ಆದರೆ ಅಂಥ ಸೊಸೆಯನ್ನು ಆಮೇಲೆ ಯಾರು ಬಿಟ್ಟಾರು?

ಫೋನಿನಲ್ಲಿ ಒಂಬತ್ತೂವರೆ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಆಸಿಡ್ಡಿನ ಘಾಟು, ಹಸಿ ನೂಲಿನ ಬೆವರು, ಮೂಲೆಯಲ್ಲಿ ಬೂದಿಯಡಿ ಇನ್ನೂ ಉಸಿರಾಡುತ್ತಿದ್ದ ಇದ್ದಲಿ ಶಗಡಿ. ತಲೆ ಹಿಡಿದಂತಾಗುತ್ತಿತ್ತು. ಅಮಾತೆಪ್ಪ ಕೆಟ್ಟ ಲಡಿಯನ್ನು ಮಡಿಲಲ್ಲಿ ಹಾಕಿಕೊಂಡು ಬಿಳಿಚಿದ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು, ಮಗುವಿನ ಕಲೆ ಒರೆಸುವ ಹಾಗೆ.

"ನನ್ನ ಕೈಗುಣಾನ ಹೋತೇನೋ," ಅಂದರು. ಯಾರಿಗೂ ಹೇಳಿದ್ದಲ್ಲ ಅದು.

ಶೈಲಾ ಕೋಲು ಕೆಳಗಿಟ್ಟಳು.

"ಕೈಗುಣ ಎಲ್ಲೂ ಹೋಗಿಲ್ರಿ ಮಾವಾರ. ಶಗಡೀದ ತಪ್ಪ."

"ಶಗಡಿ ಏನ ಮಾಡೀತು? ಮಳಿ ಹಿಡದಾಗಿಂದ ನೂಲ ಆರ್ಲಿ ಅಂತ ಇಟ್ಟೇವಿ. ಕಿಡಕಿ ಮುಚ್ಚಿದ ಮ್ಯಾಲೆ ಗಾಳಿ ಎಲ್ಲೈತಿ ಆರಾಕ?"

"ಅದನ್ನ ಹೇಳಾಕತ್ತೇನಿ. ಎರಡ ಗಿಲಾಸ ಕೊಡ್ರಿ. ಎಳೆನೀರಿನ ನಳಿಗಿ ಐತಲ್ಲ, ಅದೂ ಕೊಡ್ರಿ."

ಮೊದಲ ಬಾನಿಯ ತಿಳಿಹಳದಿ ನೀರನ್ನು ಎರಡು ಗಾಜಿನ ಲೋಟಗಳಲ್ಲಿ ಸ್ವಲ್ಪಸ್ವಲ್ಪ ಹಾಕಿದಳು. ಒಂದರ ಮೇಲೆ ತಟ್ಟೆ ಮುಚ್ಚಿದಳು. ಇನ್ನೊಂದಕ್ಕೆ ನಳಿಗೆ ಇಳಿಸಿ ಮಾವನ ಮುಂದೆ ಹಿಡಿದಳು.

"ಊದ್ರಿ. ಹೀರಬ್ಯಾಡ್ರಿ ಮತ್ತ, ಕಾಸ್ಟಿಕ್ ಐತಿ."

"ನಾ ಏನ ಕೂಸೇನ?"

"ಊದ್ರಿ ಅಂದ್ನಿ."

ಅಮಾತೆಪ್ಪ ಮಗನ ಕಡೆ ನೋಡಿದರು. ಸಂಗಮೇಶ ಛಾವಣಿ ನೋಡಿದ. ಅವರು ಊದತೊಡಗಿದರು. ಗುಳುಗುಳು ಅಂದಿತು, ಏನೂ ಆಗಲಿಲ್ಲ. "ಇನ್ನೂ," ಅಂದಳು. ಕೆನ್ನೆ ಉಬ್ಬಿತು, ವಿಭೂತಿ ಬೆವರಿನಲ್ಲಿ ಇಳಿಯಿತು. "ಇನ್ನೂ." ಕಡೆಗೆ ಹಳದಿ ನೀರಿನಲ್ಲಿ ಎಳೆಯ ಮೋಡವೊಂದು ಎದ್ದಿತು. ನೋಡನೋಡುತ್ತ ಲೋಟವೆಲ್ಲ ಮಜ್ಜಿಗೆಯಂತೆ ಕದಡಿತು. ತಟ್ಟೆ ಮುಚ್ಚಿದ ಲೋಟ ತಿಳಿಯಾಗಿಯೇ ಇತ್ತು.

"ಏನಿದು?" ಅಂದರು ಅಮಾತೆಪ್ಪ, ನಳಿಗೆ ಬಾಯಿಂದ ತೆಗೆದು.

"ನಿಮ್ಮ ಉಸರ. ನ್ಯಾಫ್ಥಾಲ್ ಸಂಭಾವಿತ ಆಮ್ಲರಿ, ಜೋರಿಲ್ಲ. ಕಾಸ್ಟಿಕ್ ಕೈ ಹಿಡದೈತಿ ಅಂತ ನೀರಿನಾಗ ನಿಂತೈತಿ. ನಮ್ಮ ಉಸರಿನಾಗ, ಶಗಡಿ ಹೊಗಿಯಾಗ ಒಂದ ಗಾಳಿ ಇರ್ತೈತಿ. ಅದು ನೀರಿಗೆ ಬಿದ್ರ ಅದೂ ಒಂದ ಆಮ್ಲನ. ದೊಡ್ಡ ಪೈಲ್ವಾನ ಅಲ್ಲ, ಆದ್ರ ನ್ಯಾಫ್ಥಾಲಿಗಿಂತ ಒಂದ ಕೈ ಮ್ಯಾಲೆ. ಅದು ಬಂದ ಸೋಡಾದ ಕೈ ಕಸಗೊಂಡ್ರ ನ್ಯಾಫ್ಥಾಲ್ ಮತ್ತ ಪುಡಿ ಆಗಿ ಕುಂದರ್ತೈತಿ. ರಾತ್ರಿಯೆಲ್ಲಾ ಹಸಿ ನೂಲ ಶಗಡಿ ಜೋಡಿ ಒಳಗ ಇಟ್ಟ ಕೀಲಿ ಹಾಕ್ತೇವಿ. ಮುಂಜಾನಿ ಬೇಸಿನ್ಯಾಗ ಅದ್ದಿದ್ರ, ಪುಡಿ ಆದಲ್ಲೆ ಕೆಂಪ ಹತ್ತಂಗಿಲ್ಲ."

ಅಮಾತೆಪ್ಪ ಎರಡೂ ಲೋಟಗಳನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವರ ಮುಖ ಅರಳಿತು. ಶೈಲಾ ಹೆದರಿದ್ದು ಇದಕ್ಕೇ.

"ಭೇಷ್! ಕೇಳಿದೇನಲೇ ಸಂಗ್ಯಾ? ಇಂಥಾಕಿ ಯಾರ ಮನ್ಯಾಗ ಅದಾಳ? ಯವ್ವಾ, ನೀ ಇರೂತನಕ ಈ ಮನಿ ಕೆಂಪಿಗೆ ಸಾವಿಲ್ಲ ನೋಡು. ಇವತ್ತ ಎಲ್ಲಾ ನೂಲ ಹೊಸದಾಗಿ ಅದ್ದೂಣು. ಎರಡೂ ಮುಳುಗ ಇವತ್ತ. ಸಂಜಿಮಟಾ ಆದ್ರೂ ಆಗಲಿ."

"ಮಾವಾರ, ನಾ ಇವತ್ತ..."

"ಏನ?"

ಶೈಲಾ ಗಂಡನ ಕಡೆ ನೋಡಿದಳು. ಸಂಗಮೇಶ ಕೆಮ್ಮಿದ.

"ನಾ ಇವತ್ತ ಹುನಗುಂದಕ್ಕ ಹೋಗಬೇಕ್ರಿ. ಕಾಲೇಜಿನಾಗ ಪಾಠ ಮಾಡಿ ತೋರಿಸಬೇಕು. ಹನ್ನೆರಡಕ್ಕ."

ಅಮಾತೆಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಪ್ರೀತಿಯಿಂದ ನಕ್ಕರು. "ಹುಚ್ಚಿ ಅದಿ. ನಿನಗ ಕಾಲೇಜ ಯಾಕ ಬೇಕು? ಈ ಮನೀಗೆ ನೀನ ಕಾಲೇಜ. ಎರಡೂ ಮುಳುಗ ಬಲ್ಲಾಕಿ ಹೊಸ್ತಲಾ ದಾಟಿ ಮಂದಿ ನಡುವ ನಿಂತ ಮಾತಾಡೂದ? ನಮ್ಮ ಅಪ್ಪ ಸಾಯೂ ಮುಂದ ನನ್ನ ಒಬ್ಬನ್ನ ಕರದು ಕಿವ್ಯಾಗ ಹೇಳಿದ ಗುಟ್ಟದು. ತಮ್ಮಗೂ ಹೇಳಲಿಲ್ಲ ಅಂವಾ." ಉಡದಾರದ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡರು, ಇದೆಯೋ ಇಲ್ಲವೋ ಅಂತ. "ಕಾಸ್ಟಿಕ್ ಕಲಸು."

ಕಾಸ್ಟಿಕ್ ಕಲಸಿದಳು. ಅದು ಬಿಸಿಯಾಗಿ ಹಬೆ ಬಿಟ್ಟಿತು. ತಾನೂ ಒಂದು ಮೆದು ಆಮ್ಲವೇ, ಯಾರಾದರೂ ಪ್ರೀತಿಯಿಂದ ಕೈ ಹಿಡಿದರೆ ಸಾಕು, ಕರಗಿ ತಿಳಿಯಾಗಿಬಿಡುತ್ತೇನೆ ಅನ್ನಿಸಿತು. ಗುಟ್ಟಂತೆ. ಎಂಎಸ್ಸಿ ಎರಡನೇ ವರ್ಷದ ಪಠ್ಯದಲ್ಲಿ ಅರ್ಧ ಪುಟದ ವಿಷಯ. ಆದರೆ ಅದನ್ನು ಈ ಮನುಷ್ಯನ ಮುಖಕ್ಕೆ ಹೇಳಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಗುಟ್ಟು ಇರುವತನಕ ತಾನು ಅದರ ಪೆಟ್ಟಿಗೆ. ಪೆಟ್ಟಿಗೆಯನ್ನು ಯಾರೂ ಬಸ್ ಹತ್ತಿಸುವುದಿಲ್ಲ.

ಹತ್ತು ದಾಟಿತ್ತು.

"ಮಾವಾರ," ಅಂದಳು ಮೆಲ್ಲಗೆ, "ಈ ಗಾಳಿ ಹಿಂಗ ಇದ್ರ ಹೊಸ ನೂಲೂ ಕೆಡತೈತಿ. ಶಗಡಿ ಹೊರಗ ಹಾಕಬೇಕು. ಕಿಡಕಿ ತಗೀಬೇಕು. ಎರಡೂ."

"ಕಿಡಕಿ?"

"ಕೆಂಪ ಬೇಕಂದ್ರ."

ಅಮಾತೆಪ್ಪ ಬಿಳಿಚಿದ ಲಡಿಯನ್ನು ನೋಡಿದರು, ತಗಡನ್ನು ನೋಡಿದರು. ಮಗನಿಗೆ ಕಣ್ಣಲ್ಲೇ ಹೇಳಿದರು. ಸಂಗಮೇಶ ಶಗಡಿಗೆ ನೀರು ಸುರಿದು, ಸುತ್ತಿಗೆಯ ಹಿಂಬದಿಯಿಂದ ಮೊಳೆ ಕಿತ್ತ. ಮೊದಲು ಸಂದಿ ಕಡೆಯ ತಗಡು ಕಿರುಚುತ್ತ ಬಿತ್ತು. ತಣ್ಣನೆಯ ಮಳೆಗಾಳಿ ಮುಖಕ್ಕೆ ಬಡಿಯಿತು. ಸಂದಿಯಾಚೆ ತಮ್ಮನ ಮನೆಯ ತಗಡು, ಅದರ ಮೇಲೆ ಮಾಳಿಗೆಯ ಕಟ್ಟೆ.

"ಸಣ್ಣ ದನೀಲೆ ಮಾತಾಡ್ರಿ ಇನ್ನ," ಅಂದರು ಅಮಾತೆಪ್ಪ ಪಿಸುದನಿಯಲ್ಲಿ.

ಶೈಲಾ ಗಾಳಿಯನ್ನು ಎದೆ ತುಂಬ ಎಳೆದುಕೊಂಡಳು. ಸೆರಗು ಬಿಗಿದಳು. ಕಿಟಕಿಯ ಕಡೆ ಮುಖ ಮಾಡಿ, ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಆರಂಭಿಸಿದಳು:

"ವಿದ್ಯಾರ್ಥಿಗಳೇ! ಆಮ್ಲಗಳ ಬಲವನ್ನು ಹೋಲಿಸುವುದು ಹೇಗೆ? ಯಾರು ಯಾರನ್ನು ಸೋಡಾದಿಂದ ಹೊರಗೆ ದಬ್ಬುತ್ತಾರೆ ಎಂದು ನೋಡಬೇಕು!"

"ಏ ಯವ್ವಾ!" ಅಂದರು ಅಮಾತೆಪ್ಪ.

"ಮನಿಯಾಗ ಕಲ್ತ ಹೋಗಬೇಕಲ್ರಿ ಮಾವಾರ, ಪಾಠ ತಯಾರ ಮಾಡ್ಕೋತೇನಿ. ನಿಂಬಿ ಹುಳಿ, ವಿನೆಗರ್, ಇವು ಕಾರ್ಬಾಕ್ಸಿಲಿಕ್ ಆಮ್ಲಗಳು! ತಿನ್ನುವ ಸೋಡಾಕ್ಕೆ ಬಿದ್ದರೆ ಬುರ್ ಎಂದು ನೊರೆ! ನ್ಯಾಫ್ಥಾಲ್ ಫೀನಾಲಿನ ಕುಲ! ಅದರಿಂದ ನೊರೆ ಬರದು, ಅದಕ್ಕೆ ಕಾಸ್ಟಿಕ್ಕೇ ಬೇಕು! ಇನ್ನು ಶೆರೆ ಕುಡಿದವನು ಎಷ್ಟೇ ಹಾರಾಡಲಿ, ಶೆರೆಯೊಳಗಿನ ಆಲ್ಕೋಹಾಲ್ ಇವರೆಲ್ಲರಿಗಿಂತ ಬಡ ಆಮ್ಲ!"

"ಬಾಯಿ ಮುಚ್ಚು! ಸಂಗ್ಯಾ, ತಗಡ ಹಚ್ಚಲೇ!"

ಸಂಗಮೇಶ ತಗಡು ಎತ್ತಿಕೊಂಡ. ಎತ್ತಿಕೊಂಡು ನಿಂತ, ಅಷ್ಟೇ.

"ಇನ್ನು ಬೇಸ್! ಇದು ಅಮೈನ್! ಆಸಿಡ್ಡಿಗೆ ಕೊಡಲು ಇದರ ಕೈಯಲ್ಲಿ ಒಂದು ಜೋಡಿ ಎಲೆಕ್ಟ್ರಾನ್ ಇದೆ! ಆದರೆ ಬೆಂಜೀನ್ ಉಂಗುರ ಹಿಂದಿನಿಂದ ಸೆರಗು ಹಿಡಿದು ಜಗ್ಗುತ್ತದೆ! ಅದಕ್ಕೇ ಇದು ಅಮೋನಿಯಾಕ್ಕಿಂತ ದುರ್ಬಲ! ಬರ್ಫಿನಲ್ಲಿ ತಣ್ಣಗಿಟ್ಟು, ಆಸಿಡ್ ಹಾಕಿ, ನೈಟ್ರೈಟ್ ಹಾಕಿ, ನ್ಯಾಫ್ಥಾಲ್ ಕುಡಿದ ನೂಲನ್ನು ಅದರೊಳಗೆ..."

ಮಾಳಿಗೆಯ ಮೇಲೆ ತಗಡಿನ ಬಾಗಿಲು ಧಡಾರ್ ಎಂದಿತು. ಕಟ್ಟೆಯ ಮೇಲೆ ವಿಜಯಮಹಾಂತೇಶರ ಬೋಳುತಲೆ ಮೂಡಿತು. ಮುಖ ಸಿಟ್ಟಿನಿಂದ ಗಿರಿಕುಂಕುಮ.

"ಅಣ್ಣಾ! ಏ ಅಣ್ಣಾ! ನಿನ್ನ ಸೊಸಿ ನಮ್ಮ ಮನಿ ಗುಟ್ಟ ಯಾಕ ಓಣಿಗೆಲ್ಲಾ ಸಾರಾಕತ್ತಾಳ? ಯಾರ ಹೇಳಿದ್ರು ಆಕಿಗೆ?"

ಅಮಾತೆಪ್ಪ ಮಾತು ಬಿಟ್ಟದ್ದನ್ನು ಮರೆತರು. ಕಿಟಕಿಗೆ ನುಗ್ಗಿದರು. "ನಿಮ್ಮ ಮನಿ ಗುಟ್ಟ? ಅಪ್ಪ ಸಾಯೂ ಮುಂದ ನನ್ನ ಒಬ್ಬನ್ನ ಕರದು ಹೇಳಿದ್ದಲೇ ಅದು!"

"ಸುಳ್ಳ ಹೇಳಬ್ಯಾಡ! ನನ್ನ ಒಬ್ಬನ್ನ ಕರದು ಹೇಳಿದ್ದ! 'ದೊಡ್ಡಾವಗ ಹೇಳಬ್ಯಾಡ, ಅಂವಗ ತಡಕೊಳ್ಳೂ ಗುಣಾ ಇಲ್ಲ' ಅಂದಿದ್ದ!"

"'ಸಣ್ಣಾವ ಬಾಯಿಬಡಕ ಅದಾನ' ಅಂದಿದ್ದ ನನಗ!"

ಎಷ್ಟೋ ವರ್ಷಗಳ ಹಿಂದೆ ಒಬ್ಬ ಮುದುಕ ಒಂದೇ ಗುಟ್ಟನ್ನು ಎರಡು ಕಿವಿಯಲ್ಲಿಟ್ಟು ನೆಮ್ಮದಿಯಿಂದ ಕಣ್ಣುಮುಚ್ಚಿದ್ದ. ಇಬ್ಬರೂ ಅದಕ್ಕೆ ಗೋಡೆ ಕಟ್ಟಿ, ಕೀಲಿ ಹಾಕಿ, ತಗಡು ಬಡಿದು ಕಾದಿದ್ದರು.

"ನೀನೂ ಎರಡನೇ ಮುಳುಗ ಮುಂಜಾನಿ ಅದ್ದತೀ?" ಕೇಳಿದರು ಅಮಾತೆಪ್ಪ.

"ಮತ್ತ? ಕೀಲಿ ಹಾಕ್ಕೊಂಡ." ವಿಜಯಮಹಾಂತೇಶ ಕಟ್ಟೆಯಿಂದ ಕೆಳಗೆ ಬಗ್ಗಿ, ತಗ್ಗಿದ ದನಿಯಲ್ಲಿ ಸೇರಿಸಿದರು, "ನಿನ್ನ ಕೆಂಪ ಹೆಂಗ ಬರಾಕತ್ತೈತಿ ಈಗ?"

ಅಮಾತೆಪ್ಪ ಕಿಟಕಿ ಬಿಟ್ಟರು. ಬಂದು ಸ್ಟೂಲಿನ ಮೇಲೆ ಕುಳಿತರು. ಶೈಲಾಗೆ ಗೆದ್ದ ಹಾಗೆ ಅನ್ನಿಸಲಿಲ್ಲ. ಪಾಠ ಮಾಡಹೋಗಿ ಯಾರನ್ನೋ ಬಡಿದಂತಾಗಿತ್ತು. ಕಿಟಕಿಯಿಂದ ಎರಚಲು ಬಂದು ಅವರ ಅಂಗಿ ತೋಯಿಸುತ್ತಿತ್ತು, ಅವರು ಸರಿಯಲಿಲ್ಲ.

"ನಿನಗ ಗೊತ್ತಿತ್ತೇನ, ಇದು ಗುಟ್ಟಲ್ಲಂತ?" ಕೇಳಿದರು.

"ಪುಸ್ತಕದಾಗ ಐತ್ರಿ ಮಾವಾರ."

"ಬಂದ ದಿನಾನ ಗೊತ್ತಿತ್ತು?"

"ಹೌದ್ರಿ."

"ಹೇಳಲಿಲ್ಲ."

"ನೀವು ಭಾಳ ಪ್ರೀತೀಲೆ ಕಲಿಸಿದ್ರಿ."

ಅಮಾತೆಪ್ಪ ತಲೆ ಆಡಿಸಿದರು. ಬಾಗಿಲಾಚೆ ಗುರುಸಿದ್ದವ್ವನ ಬಳೆ ಸದ್ದಾಯಿತು. "ಏನ್ರಿ, ಕೀಲಿ ತಗೀರಿ. ಬಸ್ ಹೊಕ್ಕೈತಿ," ಎಂದರು ಹೊರಗಿನಿಂದ. ಅಮಾತೆಪ್ಪ ಕೈಯನ್ನು ಉಡದಾರಕ್ಕೆ ಒಯ್ದು ಅಲ್ಲೇ ನಿಲ್ಲಿಸಿದರು.

"ಗುಟ್ಟಿಲ್ಲ ಅಂದ್ರ ಇಲ್ಲಾ. ಕೆಲಸ ಐತಲ್ಲ? ಇಷ್ಟ ನೂಲ ಯಾರ ಅದ್ದೂದು? ನನ್ನ ಕೈ ಹಿಂಗದಾವು."

"ನಾ ಅದ್ದತೇನಿ."

ಹೇಳಿದ್ದು ಯಾರು ಎಂದು ಶೈಲಾಗೆ ಒಂದು ಕ್ಷಣ ತಿಳಿಯಲಿಲ್ಲ. ತೆಳುವಾದ, ತುದಿಯಲ್ಲಿ ನಡುಗುವ ದನಿ. ಕಂಡಕ್ಟರನದಲ್ಲ, ಸ್ವಾಮಿಗಳದಲ್ಲ. ಸಂಗಮೇಶ ತಗಡು ಕೆಳಗಿಟ್ಟು ಅಪ್ಪನ ಎದುರು ನಿಂತಿದ್ದ. "ಎರಡೂ ಮುಳುಗ ನಾನ ಅದ್ದತೇನಿ. ಆಕೀನ ಬಿಡ್ರಿ."

"ನಿನಗೇನ ಬರತೈತಿ?"

"ಬರಂಗಿಲ್ಲ. ನೀವ ಕಲಸ್ರಿ."

ಅಮಾತೆಪ್ಪ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಹೊಸ ಲಡಿಯ ಜಾತಿ ನೋಡುವಂತೆ. ಉಡದಾರದಿಂದ ಕೀಲಿಕೈ ಬಿಚ್ಚಲು ಹೋದರು. ಬಾತ ಮಣಿಕಟ್ಟು ಬಗ್ಗಲಿಲ್ಲ. ಶೈಲಾ ಬಗ್ಗಿ ಗಂಟು ಬಿಚ್ಚಿದಳು. ಅವರು ತಡೆಯಲಿಲ್ಲ. ಹರಸಲೂ ಇಲ್ಲ.

"ಅಲ್ಲೆ ಇದನ್ನ ಎಲ್ಲಾರಿಗೂ ಹೇಳ್ತಿ?" ಅಂದರು, ಬೇರೆ ಕಡೆ ನೋಡುತ್ತ.

"ಎಲ್ಲಾರಿಗೂ ಹೇಳೂದ ಕೆಲಸರಿ ಅದು."

"ಹಂ." ಕದಡಿದ ಲೋಟವನ್ನು ಕಾಲಿನಿಂದ ಬದಿಗೆ ಸರಿಸಿದರು. "ಬೇಸಿನ ಸೆರಗ ಯಾರೋ ಹಿಡದ ಜಗ್ಗತಾರ ಅಂದೆಲ್ಲ, ಅದು ಖರೆ ಏನ?"

"ಖರೆರಿ."

"ಮತ್ತ ನಡೀ. ಹನ್ನೊಂದಾತು."

ಬಾಗಿಲು ತೆರೆದು, ಅತ್ತೆ ಹಿಡಿದು ನಿಂತಿದ್ದ ಚೀಲ, ಛತ್ರಿ ತೆಗೆದುಕೊಂಡು ಶೈಲಾ ಸಂದಿಗೆ ಇಳಿದಳು. ಅಲ್ಲಿ ವಿಜಯಮಹಾಂತೇಶ ಮಳೆಯಲ್ಲಿ ಅಡ್ಡಲಾಗಿ ನಿಂತಿದ್ದರು, ಸಂದಿಯ ಅಗಲ ಅವರ ಅಗಲ ಎರಡೂ ಒಂದೇ. ಕೈಯಲ್ಲಿ ಒಂದು ಲಡಿ. ಒಂದು ಗೇಣು ಕೆಂಪು, ಒಂದು ಗೇಣು ಇಟ್ಟಂಗಿ.

"ಯವ್ವಾ ಶೈಲಾ, ನೀ ಭಾಳ ಶಾಣ್ಯಾಕಿ ಅಂತ ನನಗ ಮೊದಲ ಗೊತ್ತಿತ್ತು. ಒಂದೀಟ ಒಳಗ ಬಂದ ಹೋಗು. ಚಾ ಕುಡದ ಹೋಗು. ನಮ್ಮ ಬಾನಿ ಸ್ವಲ್ಪ..." ಅಷ್ಟರಲ್ಲಿ ಅವರು ಬಾಗಿಲು ತೆರೆದು ಹಿಡಿದಾಗಿತ್ತು. ಒಳಗೆ ಕತ್ತಲು, ಬೆಚ್ಚನೆಯ ಹೊಗೆ, ತಗಡು ಬಡಿದ ಕಿಟಕಿ.

ಶೈಲಾ ನಿಲ್ಲಲಿಲ್ಲ. ಛತ್ರಿ ಮಡಚಿ, ಗೋಡೆಗೆ ಬೆನ್ನು ಒತ್ತಿ, ಅವರ ಹೊಟ್ಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿದಳು.

"ಶಗಡಿ ಹೊರಗ ಒಗೀರಿ ಕಾಕಾರ, ಕಿಡಕಿ ತಗೀರಿ!" ಎಂದು ಕೂಗಿ ಹೇಳಿದಳು, ಆಗಲೇ ಓಣಿಯ ತಿರುವಿನಲ್ಲಿ.

ಹುನಗುಂದದ ಬಸ್ಸಿನಲ್ಲಿ ಸೀಟಿರಲಿಲ್ಲ. ಬಾಗಿಲ ಬಳಿ ಒಂದು ಕಾಲಿಗೆ ಮಾತ್ರ ಜಾಗವಿತ್ತು. ಅವಳು ಹತ್ತಿದಳು.